ಏಳನೆಯ ದೀಪ ಹಚ್ಚಿದ ಕೈ

ಈ ಕೇಸನ್ನು ನಿಮಗಿಂತ ಮೊದಲು ಬಿಡಿಸಿದವನು ನಾನು. ಬರೆದಿಟ್ಟುಕೊಳ್ಳಿ. ನೀವು ವಾರಗಟ್ಟಲೆ ಉಗುರು ಕಚ್ಚಿಕೊಂಡು, ಒಲೆ ಮೇಲಿನ ಹಾಲು ಉಕ್ಕಿಸಿಕೊಂಡು ಓದುತ್ತಿರಬಹುದು. ನನಗೆ ಮಾತ್ರ ಮೊದಲ ಕಂತಿನ ಮೊದಲ ಸಾಲಿಗೇ ಆಸಾಮಿ ಯಾರೆಂದು ಗೊತ್ತಿತ್ತು. ಹೀರೋ ಲೇಟಾಗಿ ಎಂಟ್ರಿ ಕೊಡಬಹುದು. ಬಾಗಿಲಲ್ಲಿ ಟಿಕೆಟ್ ಹರಿಯುವವನಿಗೆ ಕ್ಲೈಮ್ಯಾಕ್ಸ್ ಬಾಯಿಪಾಠ. ಆ ಟಿಕೆಟ್ ಹರಿಯುವವನು ನಾನು. ಐಲಿ ಕರ್ವೋನೆನ್ ಎಂಬ ಹೆಂಗಸಿನ ತಲೆಯೊಳಗೆ ಆ ಮಧ್ಯಾಹ್ನ ಏನೇನು ಓಡುತ್ತಿತ್ತು ಎಂಬುದನ್ನೂ ಹೇಳಬಲ್ಲೆ. ಹೇಗೆ ಗೊತ್ತು ಅಂತ ಈಗಲೇ ಕೇಳಬೇಡಿ.

"ಚಮಚ ಕೆಳಗಿಡಿ, ಲೋವೆಲ್," ಎಂದಳು ಐಲಿ. "ದೀಪದಮ್ಮನ ವೇಷ ಹಾಕ್ಕೊಂಡು ದಿನಾ ದೀಪ ಹಚ್ತಿರೋದು ನೀವೇ ತಾನೆ?"

ಲೋವೆಲ್ ಗ್ರೀಬ್ ಚಮಚ ಕೆಳಗಿಡಲಿಲ್ಲ. ಅದಿರು ಸಾಗಿಸುವ ಹಡಗುಗಳಲ್ಲಿ ಮೂವತ್ತು ವರ್ಷ ಅಡುಗೆ ಮಾಡಿದ ಮನುಷ್ಯ. ಅಲೆಗೇ ಹೆದರಿ ಚಮಚ ಬಿಟ್ಟವನಲ್ಲ. ಕಾಡಕ್ಕಿಯ ಸೂಪನ್ನು ಒಂದು ಸುತ್ತು ತಿರುವಿ, ರುಚಿ ನೋಡಿ, ಉಪ್ಪು ಹಾಕಿದ.

"ಮೊದ್ಲು ಊಟ ಮಾಡು ತಾಯಿ. ಆಮೇಲೆ ಅರೆಸ್ಟ್ ಮಾಡುವಂತೆ."

ಕಿಟಕಿಯ ಹೊರಗೆ ಡುಲೂತ್ ಊರೇ ಇರಲಿಲ್ಲ. ಸರೋವರದಿಂದ ಎದ್ದ ಮಂಜು ಗುಡ್ಡದ ಬೀದಿಗಳನ್ನು ಒಂದೊಂದಾಗಿ ನುಂಗಿ, ಈಗ ಲೋವೆಲ್‌ನ ಹಿತ್ತಿಲ ಬಟ್ಟೆ ಹಗ್ಗದವರೆಗೆ ಬಂದಿತ್ತು. ಮೂರು ಗಂಟೆಯ ಹಗಲು ಹಾಲಿನಲ್ಲಿ ಅದ್ದಿದ ಹಾಗಿತ್ತು. ಎಲ್ಲೋ ಕೆಳಗೆ, ಕಾಣದ ಹಡಗೊಂದಕ್ಕೆ ಕಾಣದ ಸೇತುವೆ ಮೇಲೇಳುವಾಗ ಕೊಂಬು ಕೂಗಿತು.

ಆ ಕೊಂಬಿನಿಂದಲೇ ಐಲಿ ಈ ಮನೆ ಹುಡುಕಿದ್ದಳು: ಇಬ್ಬರೂ ಸೇರುವ ಆಟದಲ್ಲಿ "ಕೋಟೆಯ ಕೊಂಬು ಕೂಗಿತು" ಎಂದು ಲೋವೆಲ್ ಬರೆದ ಗಳಿಗೆಗಳೆಲ್ಲ ತನ್ನ ಕಿಟಕಿಗೆ ಸೇತುವೆಯ ಕೊಂಬು ಕೇಳಿಸಿದ ಗಳಿಗೆಗಳೇ ಎಂದು ಕಳೆದ ವಾರ ಅವಳಿಗೆ ಹೊಳೆದಿತ್ತು. ಊರು ಒಂದೇ ಎಂದು ಗೊತ್ತಾದ ಮೇಲೆ, ಅದಿರು ಹಡಗಿನ ಹಳೆಯ ಅಡುಗೆಯವನ ಮನೆಯನ್ನು ದಂಡೆಯಲ್ಲಿ ಕೇಳಿ ಹುಡುಕುವುದು ಕಷ್ಟವಾಗಲಿಲ್ಲ.

ಮೇಜಿನ ಮೇಲೆ ಲೋವೆಲ್‌ನ ಲ್ಯಾಪ್‌ಟಾಪ್ ತೆರೆದಿತ್ತು. ಪರದೆಯಲ್ಲಿ ಥಿಸಲ್‌ಮಿಯರ್. ಹಳೆಯ ಆನ್‌ಲೈನ್ ಆಟ. ಉಳಿದವರು ಅಲ್ಲಿ ಡ್ರ್ಯಾಗನ್ ಬೇಟೆಗೆ ಹೋಗುತ್ತಾರೆ. ಇವರ ಗುಂಪಿನ ನಲವತ್ತು ಜನ ಒಂದು ಇಲಿಯನ್ನೂ ಕೊಂದವರಲ್ಲ. ಹಿಮ ಬೀಳುವ ಕಣಿವೆಯಲ್ಲಿ 'ಏಳು ದೀಪದ ಛತ್ರ' ಎಂಬ ಕಟ್ಟಡದೊಳಗೆ ಕೂತು, ಹನ್ನೊಂದು ವರ್ಷದಿಂದ ಬರೀ ಮಾತಾಡುತ್ತಾರೆ. ಕಾವಲುಗಾರ ಕಾವಲುಗಾರನಂತೆ, ವೈದ್ಯೆ ವೈದ್ಯೆಯಂತೆ.

ಅದಕ್ಕೆಂದೇ ಎರಡು ಚಾನೆಲ್. ಒಂದು 'ಒಳಮನೆ'. ಅಲ್ಲಿ ಪಾತ್ರ ಬಿಟ್ಟು ಒಂದಕ್ಷರವೂ ಆಡುವಂತಿಲ್ಲ. ಇನ್ನೊಂದು 'ಜಗಲಿ'. ಮಗುವಿಗೆ ಜ್ವರ, ಕಾರು ಸ್ಟಾರ್ಟ್ ಆಗಲಿಲ್ಲ, ಕೆಲಸ ಹೋಯಿತು, ಇಂಥ ನಿಜದ ಮಾತಿಗೆಲ್ಲ ಜಗಲಿ. ಆದರೆ ಜಗಲಿಯಲ್ಲೂ ಒಂದು ಕಟ್ಟುಪಾಡು: ನಿಜದ ಹೆಸರು, ಊರು ಕೇಳಬಾರದು.

ಎರಡು ಚಾನೆಲ್‌ಗಳನ್ನೂ ಕಟ್ಟಿದವಳು ದೀಪದಮ್ಮ. ದಿನಾ ನಾಲ್ಕು ಗಂಟೆಗೆ ಬಂದು ದೀಪ ಹಚ್ಚಿ, "ಬನ್ನಿ, ಒಳಗೆ ಬೆಚ್ಚಗಿದೆ," ಎನ್ನುವವಳು. ಆಕೆಯ ನಿಜವಾದ ಹೆಸರು ಯಾರಿಗೂ ಗೊತ್ತಿಲ್ಲ.

"ಒಂಬತ್ತು ದಿನ ಆಯ್ತು ಲೋವೆಲ್," ಎಂದಳು ಐಲಿ. "ಆಯಮ್ಮ ಎಲ್ಲಾದರೂ ನೆಲದ ಮೇಲೆ ಬಿದ್ದಿದ್ರೆ, ಒಂಬತ್ತು ದಿನ."

ಅವಳ ಚೀಲದಿಂದ ಮಡಚಿದ ಕಾಗದ ಹೊರಬಂತು. ಒಂಬತ್ತು ದಿನದ ಹಿಂದೆ, ಭಾನುವಾರ ಸಂಜೆ, ಒಳಮನೆಯಲ್ಲಿ ನಡೆದ ಮಾತು. ಆ ಸಂಜೆಯನ್ನು ಎಲ್ಲರೂ ಹೊಗಳಿದ್ದರು. ಹನ್ನೊಂದು ವರ್ಷದಲ್ಲೇ ದೀಪದಮ್ಮನ ಅತ್ಯುತ್ತಮ ಅಭಿನಯ ಅಂತ.

ಐಲಿ ಓದಿದಳು.

"ದೀಪದಮ್ಮ: ಎಡಗೈ ಇವತ್ತು ನನ್ನ ಮಾತು ಕೇಳ್ತಿಲ್ಲ. ದೀಪ ಜಾರ್ತಿದೆ. ಯಾರಾದ್ರೂ ಹಿಡ್ಕೊಳ್ಳಿ."

"ಕಾವಲುಗಾರ ಮಂಡಿಯೂರಿ ದೀಪ ಹಿಡಿದ. ಅದು ನೀವು, ಲೋವೆಲ್."

"ಹೂಂ."

"ಕಾಗೆರಾಯ: ಕೈ ಮಾತು ಕೇಳ್ದಿದ್ರೆ ಅದಕ್ಕೊಂದು ದಿನ ರಜಾ ಕೊಡಿ ಅಮ್ಮ."

ಒಲೆಯ ಪಕ್ಕ ನಿಂತು ಹೊಗೆಯಲ್ಲಿ ಬೆಂದ ಮೀನಿನ ಮುಳ್ಳು ತೆಗೆಯುತ್ತಿದ್ದವನು ಕೆಮ್ಮಿದ. ಅವನೇ ಕಾಗೆರಾಯ. ನಿಜದ ಹೆಸರು ಟೋಬಿನ್ ಸ್ಕೋಗ್, ಲೋವೆಲ್‌ನ ಮಹಡಿ ಕೋಣೆಯ ಬಾಡಿಗೆದಾರ, ಇಪ್ಪತ್ನಾಲ್ಕು ವರ್ಷ, ದಂಡೆಯ ಮೀನಂಗಡಿಯಲ್ಲಿ ಕೆಲಸ. ನೋಡಲು ಚೆನ್ನಾಗಿದ್ದಾನೆ. ಕೇಸಿಗೂ ಅದಕ್ಕೂ ಸಂಬಂಧವಿಲ್ಲ, ಆದರೂ ಹೇಳಬೇಕಾದ್ದು ನ್ಯಾಯ.

"ಆಮೇಲೆ ವೈದ್ಯೆ ಬೆಳ್ಳಿ ಎಲೆಯ ಕಷಾಯ ಕುಡಿಸಿದಳು," ಎಂದಳು ಐಲಿ. "ಅದು ನಾನು."

ಐಲಿಯ ಕೆಲಸ ನಿಮಗೆ ನೆನಪಿದೆಯಲ್ಲ? ಊರಿನ ತುರ್ತು ಕರೆ ಕೇಂದ್ರದಲ್ಲಿ ಫೋನ್ ತೆಗೆದುಕೊಳ್ಳುವವಳು. ಹದಿನಾರು ವರ್ಷ. ಉಸಿರಿನ ಸದ್ದಿನಲ್ಲೇ ಹೃದಯ ಯಾವುದು, ಹೊಟ್ಟೆ ಯಾವುದು ಎಂದು ಹೇಳುವವಳು. ಕೈ ಎತ್ತಲಾಗುತ್ತಿಲ್ಲ ಎಂದು ಫೋನಿನಲ್ಲಿ ಯಾರಾದರೂ ಅಂದಿದ್ದರೆ ಎರಡು ನಿಮಿಷದಲ್ಲಿ ಆಂಬುಲೆನ್ಸ್ ರಸ್ತೆಯಲ್ಲಿರುತ್ತಿತ್ತು. ಅವತ್ತು ಅವಳು ಪರದೆ ನೋಡಿ ನಕ್ಕು, ಕಷಾಯ ಕುಡಿಸಿದ್ದಳು.

"ಕಡೇ ಸಾಲು," ಎಂದಳು. "ಕಷಾಯ ಕಹಿ. ಬಾಯಿ ಒಂದು ಕಡೆ ಜಾರ್ತಿದೆ."

ಆಮೇಲೆ ಎಲ್ಲರೂ ಚಪ್ಪಾಳೆ ಹೊಡೆದಿದ್ದರು. ದೀಪದಮ್ಮ ಹಜಾರದ ನಡುವೆ ದೀಪ ಹಿಡಿದು ಅಲ್ಲಾಡದೆ ನಿಂತಿದ್ದಳು. ಅರ್ಧ ಗಂಟೆ ಅಲ್ಲಾಡದವರನ್ನು ಆಟ ತಾನಾಗಿ ಹೊರಗೆ ಕಳಿಸುತ್ತದೆ. ಮಂಜು ಕರಗಿದ ಹಾಗೆ ಆಕೆ ಮಾಯವಾದಳು.

"ಆದ್ರೆ ಮರುದಿನ ನಾಲ್ಕಕ್ಕೆ ಬಂದ್ಲಲ್ಲ," ಎಂದ ಲೋವೆಲ್. "ದೀಪ ಹಚ್ಚಿದ್ಲು. ಬನ್ನಿ ಅಂದ್ಲು. ಹೋದ್ಲು. ಅದರ ಮರುದಿನಾನೂ. ನಿನ್ನೆವರೆಗೂ ಎಂಟು ದಿನ."

"ಎಂಟು ದಿನವೂ ಆಯಮ್ಮ ಅಲ್ಲ."

"ಯಾಕೆ?"

"ದೀಪ."

ಅಷ್ಟೇ ಹೇಳಿ ಐಲಿ ಲ್ಯಾಪ್‌ಟಾಪನ್ನು ತನ್ನ ಕಡೆ ತಿರುಗಿಸಿಕೊಂಡಳು. ಪರದೆಯಲ್ಲಿ ಹಿಮ ಮೆಲ್ಲಗೆ ಬೀಳುತ್ತಿತ್ತು. ಛತ್ರದೊಳಗೆ ಕತ್ತಲು. ಅವಳ ವೈದ್ಯೆ ಯಾವಾಗಲೂ ಕೂರುವುದು ಹಿಂದಿನ ಕೋಣೆಯಲ್ಲಿ, ಒಣಗಿಸಿದ ಬೇರುಗಳ ಕೆಳಗೆ. ಅಲ್ಲಿ ಹಿತ್ತಿಲ ಬಾಗಿಲ ಮೇಲೊಂದು ದೀಪ. ಮುಂದಿನ ಹಜಾರದಲ್ಲಿ ಕೂತವರಿಗೆ ಅದು ಕಾಣುವುದಿಲ್ಲ.

ಒಮ್ಮೆ, ನಾಲ್ಕು ವರ್ಷದ ಹಿಂದೆ, ಐಲಿ ಕೇಳಿದ್ದಳು: ಅಮ್ಮ, ಇದನ್ನ್ಯಾಕೆ ಹಚ್ಚಲ್ಲ? ದೀಪದಮ್ಮ ಗುಟ್ಟಾಗಿ ಉತ್ತರಿಸಿದ್ದಳು: ಅದು ಇನ್ನೂ ಬರದೇ ಇರೋರಿಗೆ. ಬಂದ ದಿನ ಹಚ್ತೀನಿ.

ಶನಿವಾರ ಐಲಿ ಡ್ಯೂಟಿ ಮುಗಿಸಿ ಬಂದು ತನ್ನ ಕೋಣೆ ಹೊಕ್ಕಾಗ, ಬೇರುಗಳ ನೆರಳು ಗೋಡೆಯ ಮೇಲೆ ಬಿದ್ದಿತ್ತು. ನಾಲ್ಕು ವರ್ಷದಲ್ಲಿ ಅವುಗಳಿಗೆ ನೆರಳೇ ಇರಲಿಲ್ಲ. ಏಳನೆಯ ದೀಪ ಉರಿಯುತ್ತಿತ್ತು.

ಅವಳು ಆಟದ ಕಂಪನಿಗೆ ಬರೆದಳು. ನಿಮ್ಮ ಕಾಳಜಿಗೆ ಧನ್ಯವಾದ, ವಿಳಾಸ ಕೊಡಲಾಗದು ಎಂದು ಸೋಮವಾರ ಉತ್ತರ ಬಂತು. ಪೊಲೀಸರು ಕೇಳಿದರು: ಯಾರು ಕಾಣೆಯಾದದ್ದು? ದೀಪದಮ್ಮ. ಯಾವ ಊರು? ಗೊತ್ತಿಲ್ಲ. ಕಾಣೆಯಾಗಿದ್ದಾರಾ? ಇಲ್ಲ, ದಿನಾ ನಾಲ್ಕಕ್ಕೆ ಬರ್ತಾರೆ.

"ನೀವೂ ಆಯಮ್ಮನೂ ಜಗಳ ಆಡಿದ್ದೀರಿ," ಎಂದಳು ಐಲಿ. "ಛತ್ರಕ್ಕೆ ಹೊಸಬರನ್ನ ಕರೀಬೇಕು, ಜಾತ್ರೆ ಮಾಡ್ಬೇಕು ಅಂತ ನೀವು. ಬೇಡ ಅಂತ ಆಯಮ್ಮ. ಮೊದಲ ದಿನದಿಂದ ಜೊತೆಗಿರೋರು ನೀವು. ಅವರ ನಡೆ, ನುಡಿ, ಟೈಮು, ಎಲ್ಲಾ ನಿಮಗೆ ಗೊತ್ತು. ವೇಷ ಹಾಕೋಕೆ ನಿಮಗಿಂತ ಯಾರು ಬೇಕು?"

ಲೋವೆಲ್ ಕೊನೆಗೂ ಚಮಚ ಇಟ್ಟ. ಎದುರಿನ ಕುರ್ಚಿಯಲ್ಲಿ ಕೂತ. ದೊಡ್ಡ ದೇಹ, ಕುರ್ಚಿ ದೋಣಿಯಂತೆ ಕಿರುಗುಟ್ಟಿತು.

"ಒಡತಿ ಸತತ ಹತ್ತು ದಿನ ಬರದಿದ್ರೆ ಚಾನೆಲ್‌ಗಳ ಕೀಲಿ ಯಾರಿಗೆ ಹೋಗುತ್ತೆ?"

ಐಲಿ ಕಾಗದ ಮಡಚತೊಡಗಿದಳು.

"ಹೇಳು ತಾಯಿ. ಗೊತ್ತಲ್ಲ?"

"ನಿಮಗೆ."

"ನನಗೆ. ಭಾನುವಾರದಿಂದ ಲೆಕ್ಕ ಹಾಕು. ನಾಡಿದ್ದು ಛತ್ರ ನನ್ನದಾಗ್ತಿತ್ತು. ಜಾತ್ರೆ ಮಾಡ್ತಿದ್ದೆ, ಆನೆ ತರಿಸ್ತಿದ್ದೆ. ನನಗೆ ಅದು ಬೇಕಿದ್ರೆ ಮಾಡ್ಬೇಕಾದ್ದು ಏನು? ಏನೂ ಮಾಡ್ದೇ ತೆಪ್ಪಗೆ ಕೂರೋದು. ದಿನಾ ಆಕೆ ವೇಷ ಹಾಕಿ, ನನ್ನ ಕೈಗೆ ಬರೋ ಕೀಲಿನ ನಾನೇ ತಳ್ತೀನಾ? ಅಷ್ಟು ಪೆದ್ದ ಥರ ಕಾಣ್ತೀನಾ?"

"ಸ್ವಲ್ಪ ಕಾಣ್ತೀರಿ ಕ್ಯಾಪ್ಟನ್," ಎಂದ ಟೋಬಿನ್ ಒಲೆಯ ಕಡೆಯಿಂದ.

"ನೀನು ಮೀನು ನೋಡೋ. ಎಲ್ಲದಕ್ಕೂ ಮೂಲ ನಿನ್ನ ಆ ದರಿದ್ರ ತಮಾಷೆ."

"ಯಾವ ತಮಾಷೆ?" ಎಂದಳು ಐಲಿ. ಗೊತ್ತಿತ್ತು, ಆದರೂ ಕೇಳಿದಳು. ತುರ್ತು ಕರೆಯಲ್ಲಿ ಹಾಗೇ. ಗೊತ್ತಿದ್ದದ್ದನ್ನೂ ಅವರ ಬಾಯಿಂದಲೇ ಕೇಳಬೇಕು.

"ಇನ್ಯಾವುದು? ಮೂರು ವಾರದ ಹಿಂದೆ ಇವನು ಜಗಲಿಲಿ ಕೂತು ಎದೆ ನೋವು, ಉಸಿರು ಬರ್ತಿಲ್ಲ, ಯಾರಾದ್ರೂ ಕಾಪಾಡಿ ಅಂತ ಬರೆದ. ನಲವತ್ತು ಜನ ಗಾಬರಿ. ಯಾರೋ ಅತ್ತೇ ಬಿಟ್ರು. ಒಂದು ಗಂಟೆ ಆದ್ಮೇಲೆ ಏನಂದ ಗೊತ್ತಾ? ಇಂಟರ್‌ವಲ್, ಪಾಪ್‌ಕಾರ್ನ್ ತಗೊಳ್ಳಿ ಅಂದ!"

ಟೋಬಿನ್ ಮೀನಿನ ಕಡೆ ತಿರುಗಿದ. "ಆಡಿಯನ್ಸ್ ಇಲ್ದಿದ್ರೆ ಆ್ಯಕ್ಟರ್ ಸತ್ತ ಹಾಗೆ," ಎಂದು ಗೊಣಗಿದ. ಒಳ್ಳೆಯ ಡೈಲಾಗ್. ಯಾರೂ ನಗಲಿಲ್ಲ.

ಆ ತಮಾಷೆಯ ಮರುದಿನ ದೀಪದಮ್ಮ ಜಗಲಿಗೆ ನಲವತ್ತು ದಿನ ಬೀಗ ಹಾಕಿದ್ದಳು. ನಿಜ ಮಾತಾಡೋ ಜಾಗದಲ್ಲಿ ಸುಳ್ಳು ಬಂದ ಮೇಲೆ ಜಗಲಿ ಯಾಕೆ ಅಂದಿದ್ದಳು. ಐಲಿ ಈಗ ಅದನ್ನು ಆ ಭಾನುವಾರದ ಪಕ್ಕದಲ್ಲಿಟ್ಟು ನೋಡಿದಳು. ಎಡಗೈ ಬಿದ್ದುಹೋದ ಆ ಸಂಜೆ, ನಿಜವನ್ನು ನಿಜವೆಂದು ಹೇಳಲು ಆಕೆಗೆ ಜಾಗವೇ ಇರಲಿಲ್ಲ. ತಾನೇ ಹಾಕಿದ ಬೀಗ ತೆಗೆಯಲು ಕೈ ಇರಲಿಲ್ಲ. ಒಳಮನೆಯ ನಡುವೆ ನಿಂತು, ನಲವತ್ತು ಜನರ ಎದುರು ಆಕೆ ಸಹಾಯ ಕೇಳಿದ್ದಳು. ನಲವತ್ತು ಜನ ಅದನ್ನು ಕಥೆಯೆಂದು ಓದಿದ್ದರು.

ಹೊರಗೆ ಕೊಂಬು ಮತ್ತೆ ಕೂಗಿತು, ದೂರ, ನೀರಿನೊಳಗಿಂದ ಬಂದ ಹಾಗೆ.

ಐಲಿ ಸೂಪಿನ ಬಟ್ಟಲನ್ನು ಹತ್ತಿರ ಎಳೆದುಕೊಂಡಳು. ಒಂದು ಚಮಚ ಕುಡಿದಳು. ದನಿ ಬದಲಾಯಿತು, ಹೊತ್ತು ಹೋಗದವರು ಮಾತಾಡುವ ದನಿ.

"ಚೆನ್ನಾಗಿದೆ ಲೋವೆಲ್. ಅಂದ ಹಾಗೆ, ಆಯಮ್ಮ ದಿನಾ ಎಷ್ಟು ದೀಪ ಹಚ್ತಾರೆ?"

"ಆರು," ಎಂದ ಲೋವೆಲ್ ತಕ್ಷಣ. "ಏಳನೇದು ಯಾವತ್ತೂ ಉರಿದಿಲ್ಲ. ಛತ್ರ ಶುರುವಾದ ಮೊದಲ ವಾರ ನಾನು ಹಚ್ಚೋಕೆ ಹೋಗಿ ಬೈಸ್ಕೊಂಡಿದ್ದೀನಿ. ಇವತ್ತಿಗೂ ಆ ಕಡೆ ಹೋಗಲ್ಲ."

ಐಲಿಯ ಭುಜ ಸ್ವಲ್ಪ ಇಳಿಯಿತು. ಈ ಮನುಷ್ಯ ಅಲ್ಲ. ಗೊತ್ತಿದ್ದವನು ಏಳನೆಯದನ್ನು ಹಚ್ಚುವುದಿಲ್ಲ.

ಇನ್ನೊಂದು ಚಮಚ ಕುಡಿದಳು.

"ನೀನೇನಂತೀಯ ಟೋಬಿನ್? ಎಷ್ಟು?"

"ಹೆಸರಲ್ಲೇ ಇದೆಯಲ್ಲ ಡಾಕ್ಟ್ರಮ್ಮ!" ಟೋಬಿನ್ ತಿರುಗಿ ನೋಡದೇ ನಕ್ಕ. "ಏಳು ದೀಪದ ಛತ್ರದಲ್ಲಿ ಏಳು ಹಚ್ಚದೇ ಎಂಟು ಹಚ್ತಾರಾ? ಹಿತ್ತಿಲ ಬಾಗಿಲಿಂದು ಸೇರಿ ಏಳು."

ಒಲೆಯ ಮೇಲೆ ಸೂಪು ಕುದಿಯುತ್ತಿತ್ತು.

ಲೋವೆಲ್ ನಿಧಾನವಾಗಿ ತಲೆಯೆತ್ತಿದ. ಐಲಿ ಚಮಚ ಇಟ್ಟಳು. ಅವಳ ಕಣ್ಣು ಆ ಹುಡುಗನ ಬೆನ್ನಿನ ಮೇಲಿತ್ತು, ಬೆನ್ನಿನ ಮೇಲಿನ ಅಂಗಿ ನಿಧಾನವಾಗಿ ಒದ್ದೆಯಾಗುತ್ತಿದ್ದದ್ದರ ಮೇಲಿತ್ತು.

"ಹಿತ್ತಿಲ ಬಾಗಿಲ ದೀಪ ನಿನಗೆ ಎಲ್ಲಿಂದ ಕಾಣ್ತು, ಟೋಬಿನ್? ನೀನು ಕೂರೋದು ಹಜಾರದ ಮೆಟ್ಟಿಲ ಮೇಲೆ."

"ಯಾವತ್ತೋ... ಓಡಾಡ್ವಾಗ..."

"ನಿನ್ನೆ ನಾಲ್ಕು ಗಂಟೆಗೆ ಎಲ್ಲಿದ್ದೆ?"

"ಸಾಕ್ಷಿ ಇಲ್ದೇ ಕೇಸ್ ನಿಲ್ಲಲ್ಲ ಡಾಕ್ಟ್ರಮ್ಮ."

"ನಾನು ಕೇಸ್ ಹಾಕೋಕೆ ಬಂದಿಲ್ಲ ಕಣೋ. ಒಬ್ಬರನ್ನ ಹುಡುಕೋಕೆ ಬಂದಿದ್ದೀನಿ. ನಾಲ್ಕು ಗಂಟೆಗೆ ಎಲ್ಲಿದ್ದೆ?"

ಆಗ ಲ್ಯಾಪ್‌ಟಾಪಿನಿಂದ ಗಂಟೆಯ ಸದ್ದು ಬಂತು. ಯಾರಾದರೂ ಛತ್ರದ ಬಾಗಿಲು ತೆಗೆದರೆ ಬರುವ ಸಣ್ಣ, ಹಿತ್ತಾಳೆಯ ಸದ್ದು.

ಗೋಡೆಯ ಗಡಿಯಾರದಲ್ಲಿ ನಾಲ್ಕು.

ಮೂವರೂ ಪರದೆಯ ಕಡೆ ತಿರುಗಿದರು. ಮೂವರೂ ಇಲ್ಲೇ ಇದ್ದರು. ಲೋವೆಲ್‌ನ ಕೈ ಮೇಜಿನ ಮೇಲೆ. ಐಲಿಯ ಕೈ ಬಟ್ಟಲಿನ ಮೇಲೆ. ಟೋಬಿನ್‌ನ ಎರಡೂ ಕೈ ಮೊಣಕೈವರೆಗೆ ಮೀನಿನ ಎಣ್ಣೆ.

ಪರದೆಯಲ್ಲಿ, ಬೀಳುವ ಹಿಮದ ನಡುವಿಂದ, ದೀಪದಮ್ಮ ನಡೆದು ಬಂದಳು.

ನಡಿಗೆ ವಿಚಿತ್ರವಾಗಿತ್ತು. ಎರಡು ಹೆಜ್ಜೆ, ನಿಲ್ಲುವುದು. ಒಂದು ಹೆಜ್ಜೆ, ನಿಲ್ಲುವುದು. ಮೊದಲ ದೀಪದ ಹತ್ತಿರ ಬರಲು ಒಂದು ನಿಮಿಷ ಹಿಡಿಯಿತು. ದೀಪ ಹತ್ತಿತು. ಹಳದಿ ಬೆಳಕು ಲೋವೆಲ್‌ನ ಗಡ್ಡದ ಮೇಲೆ ಬಿತ್ತು.

"ಒಂದೇ ಕೈ," ಎಂದಳು ಐಲಿ ಪಿಸುದನಿಯಲ್ಲಿ. "ಒಂದೇ ಕೈಲಿ ಮಾಡ್ತಿದ್ದಾರೆ."

ಎರಡು. ಮೂರು. ಹೊರಗಿನ ಮಂಜು ಕಿಟಕಿಗೆ ಮುಖ ಒತ್ತಿ ನೋಡುವಂತೆ ನಿಂತಿತ್ತು. ನಾಲ್ಕು. ಐದು. ಆರು.

ದೀಪದಮ್ಮ ಹಿಂದಿನ ಕೋಣೆಗೆ ಹೋದಳು. ಐಲಿ ಲೋವೆಲ್‌ನ ಕಾವಲುಗಾರನನ್ನು ಆಕೆಯ ಹಿಂದೆಯೇ ನಡೆಸಿದಳು. ಹಿತ್ತಿಲ ಬಾಗಿಲ ಮುಂದೆ ನಿಂತಳು. ಬಹಳ ಹೊತ್ತು ನಿಂತಳು. ಏಳನೆಯದನ್ನು ಮುಟ್ಟದೆ ತಿರುಗಿದಳು.

ಲೋವೆಲ್ ಅಂಗೈಯಿಂದ ಬಾಯಿ ಮುಚ್ಚಿಕೊಂಡ. ಆ ದೊಡ್ಡ ಮನುಷ್ಯ ಅಳುತ್ತಿದ್ದ.

ಆಗ ಪರದೆಯ ಕೆಳಗೆ ಒಂದು ಸಾಲು ಮೂಡಿತು: ಜಗಲಿಯ ಬೀಗ ತೆಗೆಯಲಾಗಿದೆ.

ಐಲಿ ಕೀಲಿಮಣೆಯನ್ನು ಎಳೆದುಕೊಂಡಳು. ತುರ್ತು ಕರೆಯಲ್ಲಿ ಮೊದಲು ಕೇಳುವುದು ಹೆಸರಲ್ಲ, ಏನಾಯಿತು ಅಂತಲೂ ಅಲ್ಲ. ಹದಿನಾರು ವರ್ಷದಿಂದ ಅವಳ ಬಾಯಲ್ಲಿ ಮೊದಲು ಬರುವ ಪ್ರಶ್ನೆ ಒಂದೇ. ಛತ್ರದಲ್ಲಿ ಹನ್ನೊಂದು ವರ್ಷದಿಂದ ಯಾರೂ ಕೇಳಬಾರದೆಂದಿದ್ದ ಪ್ರಶ್ನೆಯೂ ಅದೇ.

"ಅಮ್ಮ, ನಾನು ವೈದ್ಯೆ. ನೀವೆಲ್ಲಿದ್ದೀರಿ? ವಿಳಾಸ ಹೇಳಿ."

ಉತ್ತರ ಅಕ್ಷರ ಅಕ್ಷರವಾಗಿ ಬೆಳೆಯುವುದಿಲ್ಲ ಆ ಆಟದಲ್ಲಿ. ಬರೆದು ಮುಗಿಸಿದ ಮೇಲೆ ಒಟ್ಟಿಗೇ ಬರುತ್ತದೆ. ಆದ್ದರಿಂದ ಕಾದರು. ಸೂಪು ತಳ ಹಿಡಿಯಿತು. ಯಾರೂ ಏಳಲಿಲ್ಲ.

ನಾಲ್ಕು ಗಂಟೆ ಹನ್ನೊಂದು ನಿಮಿಷಕ್ಕೆ ಜಗಲಿಯಲ್ಲಿ ಒಂದು ಸಾಲು ಬಂತು.

"ಕಾಗೆರಾಯನಿಗೆ ಆಗಲೇ ಬರೆದಿದ್ನಲ್ಲ. ಯಾಕೆ ಯಾರೂ ಬರಲಿಲ್ಲ?"

ಮರುಗಳಿಗೆ ದೀಪದಮ್ಮ ಇದ್ದ ಜಾಗದಲ್ಲಿ ಖಾಲಿ ನೆಲವಿತ್ತು. ಸಂಪರ್ಕ ಕಡಿದಿತ್ತು. ಆರು ದೀಪ ಮಾತ್ರ ಉರಿಯುತ್ತಿದ್ದವು.

ಐಲಿ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಒಲೆಯ ಕಡೆ ತಿರುಗಿ, ಫೋನಿನಲ್ಲಿ ಗಾಬರಿಯಾದವರೊಂದಿಗೆ ಮಾತಾಡುವ ಆ ಮೆತ್ತನೆಯ ದನಿಯಲ್ಲಿ ಕೇಳಿದಳು:

"ಟೋಬಿನ್. ಏನು ಬರೆದಿದ್ರು?"

ಸರಿ. ಟಿಕೆಟ್ ಹರಿಯುವವನು ಅಂತ ಬೊಗಳೆ ಬಿಟ್ಟೆನಲ್ಲ, ಆ ಟೋಬಿನ್ ನಾನೇ. ಐಲಿಯ ತಲೆಯೊಳಗಿನದೆಲ್ಲ ನನಗೆ ಗೊತ್ತಾದದ್ದು ಆಮೇಲೆ ಅವಳ ಕಾರಿನಲ್ಲಿ. ಅವಳು ಒಂದೊಂದಾಗಿ ಹೇಳುತ್ತ ಹೋದಳು.

ಎಂಟು ದಿನ ದೀಪ ಹಚ್ಚಿದ ಕೈ ನನ್ನದು. ಸೋಮವಾರ ಬೆಳಿಗ್ಗೆ ಎದ್ದು ಆ ಭಾನುವಾರದ ಮಾತನ್ನು ಇನ್ನೊಂದು ಸಲ ಓದಿದಾಗಲೇ ನನಗೆ ಅರ್ಥವಾಗಿತ್ತು. ನನ್ನ ತಮಾಷೆಯಿಂದ ಜಗಲಿಗೆ ಬೀಗ ಬಿತ್ತು, ಬೀಗ ಬಿದ್ದದ್ದರಿಂದ ಆಕೆ ಒಳಮನೆಯಲ್ಲಿ ಬೀಳಬೇಕಾಯಿತು. ಇದು ಬೇರೆಯವರಿಗೂ ಹೊಳೆದುಬಿಟ್ಟರೆ? ಆಕೆ ದಿನಾ ಬರುತ್ತಿದ್ದರೆ ಯಾರಿಗೂ ಹೊಳೆಯುವುದಿಲ್ಲ. ಅಷ್ಟೇ ನನ್ನ ಸ್ಕ್ರೀನ್‌ಪ್ಲೇ.

ಆಕೆಯ ಗುಪ್ತಪದ ನಾನು ಕದ್ದದ್ದಲ್ಲ. ಜಗಲಿ ಮುಚ್ಚಿದ ಎರಡನೆಯ ದಿನ ಆಟದ ಅಂಚೆಯಲ್ಲಿ ಆಕೆಯೇ ನನಗೊಂದು ಪತ್ರ ಹಾಕಿದ್ದಳು. ಮುಂದಿನ ತಿಂಗಳು ಕಣ್ಣಿನ ಆಪರೇಷನ್ ಇದೆ, ನಿನ್ನ ತಮಾಷೆಗೆ ಪ್ರಾಯಶ್ಚಿತ್ತವಾಗಿ ಮೂರು ದಿನ ನೀನು ದೀಪ ಹಚ್ಚು, ಗುಪ್ತಪದ ಇದು, ಅಂತ ಮೊದಲ ಸಾಲು. ಅದರ ಕೆಳಗೆ ಉದ್ದಕ್ಕೆ ಇನ್ನೂ ಏನೇನೋ ಇತ್ತು. ಬೈಗುಳ ಅಂದುಕೊಂಡೆ. ಬೈಗುಳ ಓದುವ ಅಭ್ಯಾಸ ನನಗಿಲ್ಲ. ಗುಪ್ತಪದ ಬರೆದುಕೊಂಡು ಮುಚ್ಚಿಬಿಟ್ಟೆ.

ಅಂಗಿಗೆ ಕೈ ಒರೆಸಿಕೊಂಡು ಲ್ಯಾಪ್‌ಟಾಪಿನ ಮುಂದೆ ಕೂತೆ. ಕಾಗೆರಾಯನಾಗಿ ಒಳಗೆ ಹೋದೆ. ಪತ್ರ ಅಲ್ಲೇ ಇತ್ತು. ಒಂದು ಡೈಲಾಗೂ ಬಾಯಿಗೆ ಬರಲಿಲ್ಲ. ಎಣ್ಣೆಯ ಬೆರಳು ಜಾರಿ ಜಾರಿ, ಮೂರನೆಯ ಸಲಕ್ಕೆ ಪುಟ ಕೆಳಗೆ ಸರಿಯಿತು.

ಎರಡನೆಯ ಸಾಲು ಹೀಗಿತ್ತು: "ನಾನು ಒಬ್ಬಳೇ ಇರೋದು ಕಾಗೆರಾಯ, ಆದ್ದರಿಂದ ಕಟ್ಟುಪಾಡು ಮುರಿದು ನಿನಗೊಬ್ಬನಿಗೆ ಮನೆ ವಿಳಾಸ ಕೊಡ್ತಿದ್ದೀನಿ. ಒಂದು ದಿನ ನಾನು ದೀಪ ಹಚ್ಚೋಕೆ ಬರಲಿಲ್ಲ ಅಂದ್ರೆ, ಅದು ಆಟ ಅಲ್ಲ."